ಚುಕ್ಕಿಗೋಡೆ

ಚುಕ್ಕಿಗೋಡೆ ಸುಳ್ಳು ಹೇಳುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಅರಸು ನಂಬಿದ್ದ. ಅರಸನನ್ನು ನಂಬದವರೂ ಗೋಡೆಯನ್ನು ನಂಬಿದ್ದರು. ಪ್ರತಿ ಚಾವಡಿಯಲ್ಲೂ ಸುಣ್ಣ ಬಳಿದ ಒಂದು ಗೋಡೆ ಇರುತ್ತಿತ್ತು. ಊರಿನ ಸಂಗತಿಗಳನ್ನು ಕೆಮ್ಮಣ್ಣಿನ ಚುಕ್ಕಿಗಳಾಗಿ ಅದರ ಮೇಲೆ ಇಡುತ್ತಿದ್ದರು. ಯಾವ ಎರಡು ಸಂಗತಿಗಳು ಜೊತೆಜೊತೆಯಾಗಿ ಬರುತ್ತವೋ ಅವುಗಳ ನಡುವೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದರು. ಮೂರನೆಯ ಸಂಗತಿಯೊಂದನ್ನು ತಂದು ನಿಲ್ಲಿಸಿದಾಗ ಆ ಜೊತೆ ಬಿಟ್ಟುಹೋದರೆ ಗೆರೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಕೊನೆಗೆ ಉಳಿದದ್ದು ಸತ್ಯ. ಅದರ ಮೇಲೆ ಆಜ್ಞೆ ಹೊರಡುತ್ತಿತ್ತು.

ಎಳವೆಯಿಂದ ಮಠದಲ್ಲೇ ಉಂಡು ಓದಿದ ಒಬ್ಬ ಶಿಷ್ಯನಿಗೆ ಅಂಥ ಒಂದು ಗೋಡೆಯ ಅಧಿಕಾರ ಸಿಕ್ಕಿತು. ಗಂಟು ಕಟ್ಟಿಕೊಂಡು ಗುರುಗಳ ಅಪ್ಪಣೆ ಪಡೆಯಲು ಬಂದ. ಅಪ್ಪಣೆಯ ಜೊತೆಗೆ ಒಂದು ಮಾತನ್ನೂ ಕೇಳಿದ.

“ಗುರುಗಳೇ, ನಡುವೆ ಏನನ್ನು ತಂದು ನಿಲ್ಲಿಸಿದರೂ ಅಳಿಯದ ಗೆರೆ ಒಂದಿದ್ದರೆ ಅದನ್ನು ನಂಬಬಹುದಲ್ಲವೇ?”

“ನಂಬದಿರಲು ನಿನಗೆ ಏನಾದರೂ ಕಾರಣ ಕಾಣುತ್ತದೆಯೋ?”

“ಕಾಣುವುದಿಲ್ಲ.”

“ಹಾಗಾದರೆ ಗಂಟು ಕೆಳಗಿಡು,” ಎಂದು ಗುರುಗಳು ಈ ಕತೆ ಹೇಳಿದರು.

ಒಂದು ನೇಕಾರರ ಊರಿತ್ತು. ಊರಿಗೆ ಎರಡು ಕೇರಿ. ಮೇಲುಕೇರಿಯಲ್ಲಿ ಸೀರೆ ಮಾರುವವರು, ಕೆಳಗೇರಿಯಲ್ಲಿ ಸೀರೆ ನೇಯುವವರು. ಒಂದು ವರ್ಷ ಘಟ್ಟದ ದಾರಿಯಲ್ಲಿ ದಂಡು ಬೀಡುಬಿಟ್ಟಿತು. ದೂರದ ವ್ಯಾಪಾರಿಗಳು ಬರುವುದು ನಿಂತಿತು. ಮಗ್ಗಗಳೂ ನಿಂತವು. ಅರಸು ತನ್ನ ಉಗ್ರಾಣದಿಂದ ಕೆಳಗೇರಿಯ ಮನೆಗಳಿಗೆ ಪಡಿ ಅಕ್ಕಿ ಕೊಡಿಸತೊಡಗಿದ. ಕೊಡಿಸುತ್ತಿದ್ದೇನೆ ಎಂದು ಡಂಗುರವನ್ನೂ ಹೊಡೆಸಿದ. ಡಂಗುರ ಸರಿಯಾಗಿ ಮುಟ್ಟಿತು. ಅಕ್ಕಿ ದಾರಿಯಲ್ಲಿ ಅಷ್ಟಿಷ್ಟು ತೆಳುವಾಗಿ ಮುಟ್ಟಿತು.

ಅದೇ ಕಾಲಕ್ಕೆ ಊರಿಗೆ ಒಂದು ಕಾಯಿಲೆ ಬಂತು. ಕಾಲು ಬಾಯುವ ಕಾಯಿಲೆ. ಮೊದಲು ಪಾದ ಬಾಯುತ್ತಿತ್ತು, ಆಮೇಲೆ ಮೊಣಕಾಲಿನವರೆಗೆ ಏರುತ್ತಿತ್ತು. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಕೆಲವರು ಎದ್ದರು, ಕೆಲವರು ಏಳಲಿಲ್ಲ.

ಕಾಯಿಲೆ ಕೆಳಗೇರಿಯಲ್ಲಿತ್ತು. ಕೆಳಗೇರಿಯಲ್ಲಿ ಬಹುಮಂದಿ ಕುಡಿಯುವುದು ಒಂದೇ ಬಾವಿಯ ನೀರು. ಬಾವಿಯ ಪಕ್ಕದಲ್ಲಿ ಒಬ್ಬ ಬಣ್ಣಗಾರನ ಮನೆ. ಜನರಿಗೆ ಅಷ್ಟು ಸಾಕಾಯಿತು. ಬಣ್ಣಗಾರ ಬಾವಿಗೆ ಏನೋ ಹಾಕಿದ್ದಾನೆ ಎಂದರು. ಅವನ ಬಾನಿಗಳನ್ನು ಒಡೆದು ನೀಲಿಯನ್ನೆಲ್ಲ ಬೀದಿಗೆ ಹರಿಸಿದರು. ಮನೆಗೆ ಬೆಂಕಿ ಇಡುವುದೊಂದು ಬಾಕಿಯಿತ್ತು. ಆಗ ಅರಸು ಒಬ್ಬ ಅಧಿಕಾರಿಯನ್ನು ಕಳಿಸಿದ.

ಅಧಿಕಾರಿಗೆ ಇನ್ನೂ ಚಿಕ್ಕ ವಯಸ್ಸು. ಹಾಲು ಬಿಟ್ಟ ಮೇಲೆ ಮಠ ಸೇರಿದವನು, ಪಂಕ್ತಿಯಲ್ಲಿ ಉಂಡು ಬೆಳೆದವನು. ಊಟ ಎನ್ನುವುದು ಎಲೆ ಹಾಸಿದಾಗ ಬರುವ ವಸ್ತು ಎಂದು ತಿಳಿದಿದ್ದ. ಶಾಸ್ತ್ರ ಚೆನ್ನಾಗಿ ಓದಿದ್ದ. ಅನುಮಾನ ಪಡುವುದರಲ್ಲಿ ಅವನಿಗೆ ಸಮ ಯಾರೂ ಇರಲಿಲ್ಲ. ದೇವರ ಅಪ್ಪಣೆ ಎಂದರೆ ಪೂಜಾರಿಯ ಮುಖ ನೋಡುತ್ತಿದ್ದ. ವೈದ್ಯರ ಮಾತು ಎಂದರೆ ವೈದ್ಯರ ಪೆಟ್ಟಿಗೆ ನೋಡುತ್ತಿದ್ದ. ಊರಿನ ಮುಖಂಡರು ಹಾರ ಹಿಡಿದು ಎದುರುಗೊಂಡಾಗ ಅವನು ಕೇಳಿದ ಮೊದಲ ಮಾತು, “ಹಾರದ ಖರ್ಚು ಯಾರ ಲೆಕ್ಕಕ್ಕೆ?” ಎಂದು.

ಮೇಲುಕೇರಿಯವರು ತಮ್ಮ ಮಹಡಿಯಲ್ಲಿ ಉಳಿಯಿರಿ ಎಂದರು. ಕರೆದವರ ಮನೆಯಲ್ಲಿ ಉಳಿದರೆ ಕಿವಿ ಅವರದಾಗುತ್ತದೆ ಎಂದು ಅವನಿಗೆ ಅನಿಸಿತು. ಕೆಳಗೇರಿಯಲ್ಲಿ ಹೊನ್ನಜ್ಜಿ ಎಂಬ ಒಂಟಿ ಮುದುಕಿಯ ಜಗುಲಿಯಲ್ಲಿ ಚಾಪೆ ಹಾಕಿಸಿಕೊಂಡ. ಹೊನ್ನಜ್ಜಿ ನೇಕಾರರಿಗೆ ನೂಲು ಸುತ್ತಿಕೊಡುವವಳು. ಮಗ್ಗ ನಿಂತ ಮೇಲೆ ಅವಳ ಕೈಯೂ ನಿಂತಿತ್ತು. ಉಗ್ರಾಣದಿಂದ ಅಧಿಕಾರಿಯ ಪಾಲಿನ ಅಕ್ಕಿ ಬೇರೆ ಮಡಕೆಯಲ್ಲಿ ಬಂತು. ಅವಳು ಅದರಿಂದಲೇ ತೆಗೆದು ಬೇಯಿಸಿ ಬಡಿಸುತ್ತಿದ್ದಳು. ಮೊದಲು ಸಾಮಿ ಎಂದು ಕರೆದಳು. ಅವನು ಎಲೆಯ ಮುಂದೆ ಮಗುವಿನ ಹಾಗೆ ಕಾದು ಕೂರುವುದನ್ನು ನೋಡಿದ ಮೇಲೆ ಮಗಾ ಎನ್ನತೊಡಗಿದಳು.

ಅವನು ಮಡಕೆಯ ಒಳಗೆ ಇದ್ದಿಲಿನಿಂದ ಗುರುತು ಹಾಕಿಟ್ಟಿದ್ದ. ತಾನು ಉಂಡದ್ದಕ್ಕಿಂತ ಒಂದು ಹಿಡಿ ಜಾಸ್ತಿ ಕರಗಿದರೂ ತಿಳಿಯಬೇಕು. ಒಂದು ಹಿಡಿಯೂ ಕರಗಲಿಲ್ಲ. ಅವನಿಗೆ ಸ್ವಲ್ಪ ನಿರಾಸೆಯಾಯಿತು. ಇಷ್ಟು ಪ್ರಾಮಾಣಿಕಳಾಗಿರಬೇಕಾದರೆ ಅವಳಲ್ಲಿ ಬೇರೆ ದಾಸ್ತಾನು ಇರಬೇಕು ಎಂದುಕೊಂಡ. ಆದರೂ ಅವಳು ಬಡಿಸುತ್ತ, “ಸಾಕಾ ಮಗಾ?” ಎಂದು ಕೇಳುವುದು ಅವನಿಗೆ ಹಿತವಾಗಿತ್ತು. ಮಠದಲ್ಲಿ ಬಡಿಸುವವರು ಹಾಗೆ ಕೇಳುತ್ತಿರಲಿಲ್ಲ.

ಚಾವಡಿಯ ಗೋಡೆಗೆ ಸುಣ್ಣ ಬಳಿಸಿದ. ಅವನ ಜೊತೆ ಅದೇ ಮಠದಲ್ಲಿ ಓದಿದ ಎಣಿಕೆಯವರು ಬಂದಿದ್ದರು. ಅವರನ್ನು ಗೋಡೆಯ ಮುಂದೆ ಕೂರಿಸಿ ಹೇಳಿದ:

“ಕಂಬಳಿ ಹೊದ್ದವರು ಬೀದಿಯಲ್ಲಿ ಕಂಡ ದಿನ ಕಪ್ಪೆ ಕೂಗುತ್ತದೆ. ಕಂಬಳಿ ನೋಡಿ ಕೂಗುತ್ತದೆಯೋ?”

“ಇಲ್ಲ, ಮಳೆಗೆ ಕೂಗುತ್ತದೆ.”

“ಹೇಗೆ ಗೊತ್ತು? ನಿನಗೆ ಕಪ್ಪೆ ಹೇಳಿತೋ?” ಎಂದು ಅವನು ನಕ್ಕ. “ಮಳೆಯ ದಿನಗಳನ್ನೇ ಬೇರೆ ತೆಗೆ. ಅದರಲ್ಲಿ ಕಂಬಳಿ ಹೊದ್ದ ದಿನವೂ ಕಪ್ಪೆ ಕೂಗಿದೆ, ಮರೆತು ಬಂದ ದಿನವೂ ಕೂಗಿದೆ. ಬಿಸಿಲಿನ ದಿನಗಳನ್ನು ಬೇರೆ ತೆಗೆ. ಚಳಿಗೆಂದು ಕಂಬಳಿ ಹೊದ್ದರೂ ಕಪ್ಪೆ ಬಾಯಿ ಬಿಟ್ಟಿಲ್ಲ. ಮಳೆಯ ಚುಕ್ಕಿ ನಡುವೆ ಬಂದ ಮೇಲೆ ಕಂಬಳಿಗೂ ಕಪ್ಪೆಗೂ ಸಂಬಂಧವಿಲ್ಲ. ಗೆರೆ ಒರೆಸು. ಜನ ಏನು ಹೇಳುತ್ತಾರೆ ಎಂದು ತಲೆ ಕೆಡಿಸಿಕೊಳ್ಳಬೇಡಿ. ಮಣಿ ಏನು ಹೇಳುತ್ತದೆ ನೋಡಿ.”

ಮಣಿ ಎಂದರೆ ಅವನದೇ ಒಂದು ಉಪಾಯ. ಪ್ರತಿ ಮನೆಗೆ ಒಂದು ದಾರ. ಒಂದೊಂದು ಪ್ರಶ್ನೆಗೆ ಒಂದೊಂದು ಮಣಿ. ಹೌದು ಎಂದರೆ ಕೆಂಪು, ಇಲ್ಲ ಎಂದರೆ ಬಿಳಿ. ಕೆಳಗೇರಿಯ ಬಾವಿಯ ನೀರು ಕುಡಿಯುತ್ತೀರಾ? ಬರಿ ನೆಲದಲ್ಲಿ ಮಲಗುತ್ತೀರಾ? ಬಣ್ಣದ ನೂಲು ಮುಟ್ಟುತ್ತೀರಾ? ಹೀಗೆ. ಕೊನೆಯ ಮಣಿ ಕಾಲಿನದು. ಮಾತು ಬಾಗಿಲಿನಿಂದ ಹೊರಡುವಾಗ ಮಾತಾಗಿರುತ್ತಿತ್ತು, ಚಾವಡಿಗೆ ಬರುವಾಗ ಮಣಿಯಾಗಿರುತ್ತಿತ್ತು. ಹೇಳಿದವರ ಮುಖ, ದನಿ, ನಿಟ್ಟುಸಿರು ಯಾವುದೂ ದಾರದಲ್ಲಿ ಬರುತ್ತಿರಲಿಲ್ಲ. ಅದೇ ಅದರ ದೊಡ್ಡ ಗುಣ ಎಂದು ಅವನು ಹೇಳುತ್ತಿದ್ದ.

ಅಕ್ಕಿಯ ಪ್ರಶ್ನೆಯನ್ನು ಅವನೇ ಯೋಚಿಸಿ ಸೇರಿಸಿದ. ಪುಕ್ಕಟೆ ಬರುವ ಅಕ್ಕಿ ಮನೆಗಳಲ್ಲಿ ಕೂಡಿಬೀಳುತ್ತಿದೆ ಎಂಬ ಗುಮಾನಿ ಅವನಿಗೆ ಮೊದಲಿನಿಂದ ಇತ್ತು. ಪ್ರಶ್ನೆ ಚಿಕ್ಕದಾಗಿತ್ತು. ಮನೆಯಲ್ಲಿ ಅಕ್ಕಿ ಹೆಚ್ಚಿದೆಯೇ?

ಮೊದಲು ಹೊನ್ನಜ್ಜಿಯನ್ನೇ ಕೇಳಿ ನೋಡಿದ. ಅವಳು ಅತ್ತಿತ್ತ ನೋಡಿದಳು. ದನಿ ತಗ್ಗಿಸಿದಳು.

“ಹೆಚ್ಚಿದೆ ಮಗಾ. ಅದನ್ನ ಹೀಗೆ ಬೀದಿಗೆ ಕೇಳೋ ಹಾಗೆ ಕೇಳ್ತಾರಾ?”

ಬೀದಿಗೆ ಕೇಳಿದರೆ ನಾಲ್ಕು ಜನ ಕೈಯೊಡ್ಡಿ ಬರುತ್ತಾರೆ ಎಂಬ ಭಯ ಎಂದು ಅವನು ಅರ್ಥ ಮಾಡಿಕೊಂಡ. ಕೆಂಪು ಮಣಿ ಪೋಣಿಸಿದ.

ಕೆಳಗೇರಿಯ ಬಹಳ ಮನೆಗಳಲ್ಲಿ ಅದೇ ಆಯಿತು. ಹೆಂಗಸರು ತಲೆ ತಗ್ಗಿಸಿ, ಸೆರಗು ಎಳೆದುಕೊಂಡು, ಹೆಚ್ಚಿದೆ ಎಂದರು. ತಲೆ ಯಾಕೆ ತಗ್ಗಿಸುತ್ತಾರೆ ಎಂದು ಎಣಿಕೆಯವನೊಬ್ಬ ಕೇಳಿದ. “ಬಿಟ್ಟಿ ಅಕ್ಕಿ ಕೂಡಿಟ್ಟವರು ತಲೆ ಎತ್ತಿ ಹೇಳುತ್ತಾರೆಯೇ?” ಎಂದ ಅಧಿಕಾರಿ. ಮೇಲುಕೇರಿಯಲ್ಲಿ ಬೇರೆ ರೀತಿ. ಅಲ್ಲಿಯ ಹೆಂಗಸರು ಸಿಡುಕಿದರು. “ನಮ್ಮ ಮನೇಲಿ ಯಾಕೆ ಹೆಚ್ಚುತ್ತೆ? ಶುಕ್ರವಾರದ ದಿನ ಬಂದು ಕೇಳೋ ಮಾತಾ ಇದು?” ಎಂದು ಬಾಗಿಲು ಹಾಕಿಕೊಂಡರು. ಬಿಳಿ ಮಣಿ. ಮೇಲುಕೇರಿಯವರು ಅಳೆದು ಬೇಯಿಸುವ ಜನ, ಹೆಚ್ಚಲು ಬಿಡುವುದಿಲ್ಲ ಎಂದು ಅವನು ತೀರ್ಮಾನಿಸಿದ.

ತನ್ನ ಎಣಿಕೆಯವರನ್ನೂ ಅವನು ನಂಬಲಿಲ್ಲ. ಒಬ್ಬ ಹೋಗಿ ಬಂದ ಮನೆಗೆ ಹೇಳದೆ ಕೇಳದೆ ಇನ್ನೊಬ್ಬನನ್ನು ಕಳಿಸಿದ. ಇಬ್ಬರ ದಾರವನ್ನೂ ಪಕ್ಕಪಕ್ಕ ಹಿಡಿದು ನೋಡಿದ. ಒಂದು ಮಣಿಯೂ ವ್ಯತ್ಯಾಸವಿರಲಿಲ್ಲ.

ಆಮೇಲೆ ಗೋಡೆಯ ಮುಂದೆ ನಿಂತ. ಬಾವಿಗೂ ಕಾಲಿಗೂ ನಡುವೆ ಗೆರೆ ಬಿತ್ತು. ಊರಿನವರು, ನಾವು ಹೇಳಲಿಲ್ಲವೇ ಎಂದರು. ಅವನು ಸುಮ್ಮನೆ ದಾರಗಳನ್ನು ಎರಡು ರಾಶಿ ಮಾಡಿದ. ಅಕ್ಕಿಯ ಮಣಿ ಕೆಂಪಾಗಿದ್ದವು ಒಂದು ಕಡೆ, ಬಿಳಿಯಾಗಿದ್ದವು ಇನ್ನೊಂದು ಕಡೆ. ಕೆಂಪು ರಾಶಿಯಲ್ಲಿ ಕೆಳಗೇರಿಯ ಬಾವಿಯ ನೀರು ಕುಡಿದವರ ಕಾಲೂ ಬಾತಿತ್ತು, ಕೆರೆಯ ನೀರು ತರುವವರ ಕಾಲೂ ಅಷ್ಟೇ ಬಾತಿತ್ತು. ಬಿಳಿ ರಾಶಿಯಲ್ಲಿ ಅದೇ ಬಾವಿಯ ನೀರು ಕುಡಿಯುವ ನಾಲ್ಕಾರು ಮನೆಗಳಿದ್ದವು. ಅವರ ಕಾಲುಗಳು ಕಡ್ಡಿಯ ಹಾಗಿದ್ದವು. ಅವನು ಒದ್ದೆ ಬಟ್ಟೆ ತೆಗೆದುಕೊಂಡು ಬಾವಿಯ ಗೆರೆಯನ್ನು ಒರೆಸಿದ.

ಬಣ್ಣಗಾರ ಹೆಂಡತಿಯನ್ನು ಕರೆದುಕೊಂಡು ಬಂದು ಕಾಲಿಗೆ ಬಿದ್ದ. ಅಧಿಕಾರಿ ಕಾಲು ಹಿಂದೆ ತೆಗೆದುಕೊಂಡ.

“ನನಗಲ್ಲ. ಬೀಳುವುದಾದರೆ ಗೋಡೆಗೆ ಬೀಳು.”

ಬಣ್ಣಗಾರ ಗೋಡೆಗೆ ಬಿದ್ದ. ಊರೆಲ್ಲ ನೋಡಿತು. ಅಂದಿನಿಂದ ಆ ಊರಿನಲ್ಲಿ ಗೋಡೆಯ ಮಾತಿಗೆ ಎದುರು ಮಾತು ಹುಟ್ಟಲಿಲ್ಲ.

ನೆಲದಲ್ಲಿ ಮಲಗುವುದರ ಗೆರೆಯೂ ಹೀಗೇ ಹೋಯಿತು. ಬಣ್ಣದ ನೂಲಿನ ಗೆರೆಯೂ ಹೋಯಿತು. ಒಂದೇ ಒಂದು ಗೆರೆ ಉಳಿಯಿತು. ಅಕ್ಕಿಯ ಚುಕ್ಕಿಯಿಂದ ಕಾಲಿನ ಚುಕ್ಕಿಗೆ. ಅವನು ಅದನ್ನು ಬೇಗ ನಂಬಲಿಲ್ಲ. ಬಾವಿ ತಂದು ನಡುವೆ ಇಟ್ಟ. ಗೆರೆ ನಿಂತಿತು. ವಯಸ್ಸು ತಂದಿಟ್ಟ. ನಿಂತಿತು. ಕೇರಿಯನ್ನೇ ತಂದಿಟ್ಟ. ಆಗಲೂ ನಿಂತಿತು. ಮೇಲುಕೇರಿಯಲ್ಲಿ ನೆಲೆ ತಪ್ಪಿದ ಒಂದು ಮನೆಯಿತ್ತು. ಅಲ್ಲಿಯ ಮಣಿಯೂ ಕೆಂಪು, ಕಾಲೂ ಬಾವು. ಎಲ್ಲ ದಾರಗಳನ್ನೂ ಬಿಚ್ಚಿ ಹೊಸದಾಗಿ ಕೇಳಿಸಿಕೊಂಡು ಬರಲು ಹೇಳಿದ. ಅದೇ ಗೆರೆ ಮತ್ತೆ ಬಂತು. ಆಗ ನಂಬಿದ.

ಒಮ್ಮೆ ನಂಬಿದ ಮೇಲೆ ಕಾರಣ ಹುಡುಕುವುದು ಅವನಿಗೆ ಕಷ್ಟವಾಗಲಿಲ್ಲ. ನೇಕಾರ ಎಂದರೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ತುಳಿಯುವವನು. ಈಗ ತುಳಿಯುವುದು ನಿಂತಿದೆ, ಉಣ್ಣುವುದು ನಿಂತಿಲ್ಲ. ಕೂತಲ್ಲಿಗೆ ಅಕ್ಕಿ ಬರುತ್ತದೆ, ಮನೆಯಲ್ಲಿ ಹೆಚ್ಚುತ್ತದೆ, ಹೆಚ್ಚಿದ್ದನ್ನು ತಿನ್ನುತ್ತಾರೆ. ತಿಂದದ್ದು ಕಾಲಿಗೆ ಇಳಿಯುತ್ತದೆ. ಅವನು ಇದನ್ನು ಮುಖಂಡರಿಗೆ ವಿವರಿಸಿದ. ಅವರಿಗೆ ಬಹಳ ಹಿಡಿಸಿತು. ಬಡವರು ಜಾಸ್ತಿ ತಿನ್ನುತ್ತಾರೆ ಎಂಬ ಮಾತು ಮೇಲುಕೇರಿಯಲ್ಲಿ ಯಾವತ್ತೂ ಸುಲಭವಾಗಿ ಹಿಡಿಸುತ್ತದೆ.

ಡಂಗುರ ಹೊಡೆಸಿದ. ಅಕ್ಕಿ ಹೆಚ್ಚಿದ ಮನೆಗಳಿಗೆ ಇನ್ನು ಮುಂದೆ ಅರ್ಧ ಪಡಿ.

ಗಲಾಟೆಯಾದೀತೆಂದು ಚಾವಡಿಗೆ ಕಾವಲು ಹಾಕಿಸಿದ್ದ. ಗಲಾಟೆಯಾಗಲಿಲ್ಲ. ಕೆಳಗೇರಿಯವರು ನಿಂತು ಕೇಳಿದರು, ಒಬ್ಬರ ಮುಖ ಒಬ್ಬರು ನೋಡಿದರು, ಒಳಗೆ ಹೋದರು. ಅವನು ಜಗುಲಿಯಲ್ಲಿದ್ದಾಗ ಪಕ್ಕದ ಮನೆಯ ಹೆಂಗಸು ಹೊನ್ನಜ್ಜಿಗೆ ಹೇಳುವುದು ಕಿವಿಗೆ ಬಿತ್ತು.

“ಅರ್ಧ ಆದ್ರೂ ಕೊಡ್ತಾರಲ್ಲ ಬಿಡಜ್ಜಿ. ಉಗ್ರಾಣದಲ್ಲೂ ಹೆಚ್ಚಿರಬೇಕು ಪಾಪ.”

ಉಗ್ರಾಣದಲ್ಲಿ ಹೆಚ್ಚಿದರೆ ಇವರಿಗೇನು? ಕಣ್ಣು ಅದರ ಮೇಲೂ ಬಿದ್ದಿದೆ. ಅವನು ಮರುದಿನ ಉಗ್ರಾಣಕ್ಕೆ ಇನ್ನೊಂದು ಬೀಗ ಹಾಕಿಸಿದ.

ಕೆಲವು ದಿನ ಕಳೆದ ಮೇಲೆ ಒಬ್ಬ ನೇಕಾರ ಚಾವಡಿಯ ಮುಂದೆ ಬಂದು ನಿಂತ. ಬಾತ ಕಾಲು. ಕಂಬಕ್ಕೆ ಒರಗಿ ಕೈ ಮುಗಿದ.

“ಏನು?”

“ಪಡಿ ಅಕ್ಕಿ ಸಾಮಿ.”

“ನಿನ್ನ ಹೆಂಡತಿ ನಮ್ಮವರ ಮುಂದೆ ಏನು ಹೇಳಿದ್ದಾಳೆ ಗೊತ್ತೇ? ಮನೆಯಲ್ಲಿ ಅಕ್ಕಿ ಹೆಚ್ಚಿದೆ ಎಂದಿದ್ದಾಳೆ.”

ಸುಳ್ಳು ಸಿಕ್ಕಿಬಿದ್ದವನ ಮುಖ ನೋಡಬೇಕೆಂದು ಅಧಿಕಾರಿ ಕಾದ. ನೇಕಾರನ ಮುಖದಲ್ಲಿ ಏನೂ ಬದಲಾಗಲಿಲ್ಲ.

“ಹೌದು ಸಾಮಿ, ಹೆಚ್ಚಿದೆ. ಅದಕ್ಕೇ ಬಂದೆ.”

“ಹೆಚ್ಚಿದೆ, ಅದಕ್ಕೇ ಬಂದೆಯಾ?”

“ಹೆಚ್ಚಿದ ಮೇಲೆ ತಾನೆ ಸಾಮಿ ಬೇಕಾಗೋದು? ಹೆಚ್ಚದೆ ಇದ್ರೆ ಈ ಕಾಲಿಟ್ಟುಕೊಂಡು ನಾನ್ಯಾಕೆ ಬರ್ತಿದ್ದೆ?”

ಅಧಿಕಾರಿ ಸುಳ್ಳರನ್ನು ಕಂಡಿದ್ದ, ಕಳ್ಳರನ್ನು ಕಂಡಿದ್ದ. ಇಷ್ಟು ನಾಚಿಕೆಗೆಟ್ಟ ದುರಾಸೆಯನ್ನು ಕಂಡಿರಲಿಲ್ಲ. ಇದ್ದಷ್ಟೂ ಬೇಕು ಎನ್ನುವವನು ಇರುತ್ತಾನೆ. ಅದನ್ನು ಹೀಗೆ ನ್ಯಾಯದ ಮಾತಿನಂತೆ ನಿಂತು ಹೇಳುವವನು ಇರುತ್ತಾನೆಯೇ? ಕಾವಲಿನವರಿಗೆ ಕೈ ಮಾಡಿದ. ನೇಕಾರನನ್ನು ಬೀದಿಯವರೆಗೆ ಬಿಟ್ಟುಬಂದರು.

ಅರ್ಧ ಪಡಿ ಮಾಡಿದ ಮೇಲೆ ಕಾಯಿಲೆ ಇಳಿಯಬೇಕಿತ್ತು. ಏರಿತು. ಅವನು ಗಾಬರಿಪಡಲಿಲ್ಲ, ಮತ್ತೆ ದಾರ ಪೋಣಿಸಲು ಹೇಳಿದ. ಮೊದಲು ಬಿಳಿಯಿದ್ದ ಎಷ್ಟೋ ಮನೆಗಳ ಅಕ್ಕಿಯ ಮಣಿ ಈಗ ಕೆಂಪಾಗಿತ್ತು. ಆ ಮನೆಗಳ ಕಾಲಿನ ಮಣಿಯೂ ಕೆಂಪಾಗಿತ್ತು. ಇದ್ದಿಲು ತೆಗೆದುಕೊಂಡು ಗೆರೆಯ ಮೇಲೆ ಮತ್ತೆ ಎಳೆದ. ಗೆರೆ ದಪ್ಪವಾಯಿತು. ಇಷ್ಟು ದಪ್ಪ ಗೆರೆಯನ್ನು ಅವನು ಓದಿದ ಶಾಸ್ತ್ರದಲ್ಲೂ ಕಂಡಿರಲಿಲ್ಲ. ಆದರೆ ಅವನಿಗೆ ಒಂದು ವಿಷಯ ಬಗೆಹರಿಯಲಿಲ್ಲ. ಅರ್ಧ ಕೊಟ್ಟರೂ ಅಕ್ಕಿ ಹೇಗೆ ಹೆಚ್ಚುತ್ತಿದೆ? ಎಲ್ಲಿಂದಲೋ ತರುತ್ತಿದ್ದಾರೆ. ಎಲ್ಲೋ ಬಚ್ಚಿಟ್ಟಿದ್ದಾರೆ.

ಆ ದಿನಗಳಲ್ಲೇ ಹೊನ್ನಜ್ಜಿಯ ಪಾದ ಬಾತಿತು.

ಅವನು ಅದನ್ನು ಅವಳು ಬಡಿಸಲು ಬಗ್ಗಿದಾಗ ಕಂಡ. ಕಾಲಿನ ಬೆಳ್ಳಿಯ ಕಡಗ ಮಾಂಸದೊಳಗೆ ಹೂತುಹೋಗಿತ್ತು. ಊರಿನ ಉಳಿದ ಕಾಲುಗಳು ಅವನಿಗೆ ಮಣಿಗಳಾಗಿದ್ದವು. ಇದು ಕಾಲಾಗಿತ್ತು.

“ಅಜ್ಜಿ, ಎಷ್ಟು ದಿನವಾಯಿತು ಇದು?”

“ಬಂದಿದೆ ಮಗಾ. ಎಲ್ರಿಗೂ ಬಂದ ಹಾಗೆ ನಂಗೂ ಬಂದಿದೆ.”

“ಯಾಕೆ ಬಂದಿದೆ ಗೊತ್ತೇ? ನಿನ್ನ ಮನೆಯಲ್ಲಿ ಅಕ್ಕಿ ಹೆಚ್ಚಿದೆ. ಅದಕ್ಕೇ.”

ಅವಳು ವಾದ ಮಾಡುತ್ತಾಳೆ ಎಂದುಕೊಂಡಿದ್ದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಹೌದು ಮಗಾ. ನೀನು ಓದಿದವನು, ಸರಿಯಾಗಿ ಹೇಳ್ದೆ. ಹೆಚ್ಚಿದ್ದಕ್ಕೇ ಬಾತಿರೋದು. ನಾನೂ ಅದನ್ನೇ ಹೇಳ್ತಿದ್ದೆ, ನನ್ನ ಮಾತು ಯಾರು ಕೇಳ್ತಾರೆ?”

ಅವನಿಗೆ ಸಮಾಧಾನವಾಯಿತು. ಅಕ್ಷರ ಬರದ ಮುದುಕಿಯೂ ಗೋಡೆಯೂ ಒಂದೇ ಮಾತು ಹೇಳುತ್ತಿದ್ದರು.

“ಹಾಗಾದರೆ ನಾನು ಹೇಳಿದಂತೆ ಕೇಳು. ನನ್ನ ಮಡಕೆಯ ಅಕ್ಕಿ ನಿನಗೆ ಬೇಡ. ಅರ್ಧ ಪಡಿಯಲ್ಲೂ ಅರ್ಧ ಬಿಡು. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.”

“ನಿನ್ನದು ನಾನು ಮುಟ್ಟಿಲ್ಲ ಮಗಾ. ಮುಟ್ತೀನಾ?” ಎಂದು ಅವಳು ಅನ್ನದ ತಪ್ಪಲೆಯನ್ನು ಅವನ ಹತ್ತಿರ ಸರಿಸಿದಳು. “ಸಾಕಾ ನಿಂಗೆ?”

ಬಾವು ಮೊಣಕಾಲಿಗೆ ಏರಿತು. ಅವಳು ಒಲೆಯ ಮುಂದೆ ಗೋಡೆ ಹಿಡಿದು ಏಳುತ್ತಿದ್ದಳು. ಆಮೇಲೆ ಎದ್ದಾಗ ಅಡಿಗೆ, ಏಳದಿದ್ದಾಗ ಇಲ್ಲ. ಅವನು ಕಷ್ಟಪಟ್ಟು ಯೋಚಿಸಿದ. ಕಡಿಮೆ ಮಾಡು ಎಂದು ಹೇಳಿದ್ದೇನೆ. ಕಡಿಮೆ ಮಾಡಿದ್ದರೆ ಬಾವು ಇಳಿಯಬೇಕು. ಇಳಿದಿಲ್ಲ. ಆದ್ದರಿಂದ ಕಡಿಮೆ ಮಾಡಿಲ್ಲ. ಮನೆಯಲ್ಲೇ ಎಲ್ಲೋ ಇದೆ. ತಾನು ಚಾವಡಿಗೆ ಹೋದಾಗ ತಿನ್ನುತ್ತಾಳೆ. ತನ್ನನ್ನು ಮಗಾ ಎಂದು ಕರೆದವಳು ತನ್ನ ಕಣ್ಣಿಗೇ ಮಣ್ಣೆರಚುತ್ತಿದ್ದಾಳೆ. ಅವನಿಗೆ ಸಿಟ್ಟಿಗಿಂತ ದುಃಖವಾಯಿತು. ಅವಳನ್ನು ಅವಳಿಂದಲೇ ಉಳಿಸಬೇಕಾಗಿತ್ತು.

ಒಂದು ಮಧ್ಯಾಹ್ನ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಾಗ ಅಡಿಗೆಮನೆಗೆ ಹೋದ. ಅವನು ಅಡಿಗೆಮನೆ ಎಂಬುದನ್ನು ಒಳಗಿನಿಂದ ನೋಡಿದ್ದು ಅದೇ ಮೊದಲು. ಎಷ್ಟು ಚಿಕ್ಕದಿದೆ ಎಂದುಕೊಂಡ. ತನ್ನ ಮಡಕೆ ನೋಡಿದ. ಅಕ್ಕಿ ಗುರುತಿನ ಮಟ್ಟಕ್ಕೇ ಇತ್ತು. ಅವಳ ಮಡಕೆಗಳು ಒಂದರ ಮೇಲೊಂದು ಪೇರಿಸಿದ್ದವು. ಒಂದೊಂದಾಗಿ ಇಳಿಸಿದ. ಮೊದಲನೆಯದು ಖಾಲಿ. ಅದರ ಕೆಳಗಿನದೂ ಖಾಲಿ. ಎಲ್ಲಕ್ಕೂ ಕೆಳಗಿನ ದೊಡ್ಡ ಮಡಕೆಗೆ ಅರಿಸಿನ ಕುಂಕುಮ ಹಚ್ಚಿತ್ತು. ಮುಚ್ಚಳ ತೆಗೆದ. ತಳದಲ್ಲಿ ನಾಲ್ಕು ಕಾಳು ಅಕ್ಕಿಯಿತ್ತು.

ಅವನು ಆ ನಾಲ್ಕು ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ಬೆಳಕಿಗೆ ಬಂದ. ಎಲ್ಲ ಸ್ಪಷ್ಟವಾಯಿತು. ನಿಜವಾಗಿ ಖಾಲಿಯಾದ ಮಡಕೆಯಲ್ಲಿ ನಾಲ್ಕು ಕಾಳು ಯಾಕೆ ಉಳಿಯುತ್ತದೆ? ಹಸಿದವರು ಬಿಡುತ್ತಾರೆಯೇ? ಇದು ಅವಸರದಲ್ಲಿ ಬೇರೆ ಕಡೆಗೆ ಸುರಿದು ಸಾಗಿಸಿದ ಗುರುತು. ನೆಲ ತಟ್ಟಿ ನೋಡಿದ. ಒಲೆಯ ಬೂದಿ ಕೆದಕಿದ. ಸಿಗಲಿಲ್ಲ. ಸಿಗದಿದ್ದದ್ದು ಅವನ ಮಾತನ್ನು ಇನ್ನಷ್ಟು ಗಟ್ಟಿ ಮಾಡಿತು. ಸಿಗುವ ಹಾಗೆ ಯಾರೂ ಬಚ್ಚಿಡುವುದಿಲ್ಲ.

ಅವಳ ಪಕ್ಕ ಕೂತು ಅಂಗೈ ತೋರಿಸಿದ.

“ಅಜ್ಜಿ, ಉಳಿದದ್ದು ಎಲ್ಲಿದೆ?”

ಅವಳು ಕಾಳು ನೋಡಿದಳು. ಅವನ ಮುಖ ನೋಡಿದಳು.

“ಅದನ್ಯಾಕೆ ತೆಗೆದೆ ಮಗಾ?” ಎಂದಳು. “ಮಡಕೇಲಿ ಹಾಕು. ಬರಿದು ಮಾಡಬಾರದು.”

“ಉಳಿದದ್ದು ಎಲ್ಲಿದೆ ಹೇಳು. ನಿನ್ನ ಜೀವಕ್ಕೇ ಕೇಳುತ್ತಿದ್ದೇನೆ.”

“ಹೆಚ್ಚಿದೆ ಅಂತ ಹೇಳಿದ್ದೆನಲ್ಲಪ್ಪ,” ಎಂದು ಅವಳು ಮತ್ತೆ ಗೋಡೆಯ ಕಡೆ ತಿರುಗಿದಳು.

ಸಂಜೆ ಡಂಗುರ ಹೊಡೆಸಿದ. ಅಕ್ಕಿ ಹೆಚ್ಚಿದ ಮನೆಗಳಿಗೆ ಪಡಿ ಪೂರ್ತಿ ನಿಲ್ಲಿಸಲಾಗಿದೆ. ಬಚ್ಚಿಟ್ಟದ್ದನ್ನು ತಂದು ಒಪ್ಪಿಸಿದವರಿಗೆ ಮತ್ತೆ ಶುರುವಾಗುತ್ತದೆ. ಯಾರೂ ತಂದು ಒಪ್ಪಿಸಲಿಲ್ಲ. ಊರಿನ ಹಠ ಎಷ್ಟಿದೆ ಎಂದು ಅವನಿಗೆ ಆಶ್ಚರ್ಯವಾಯಿತು. ಬೆಳಗ್ಗೆ ಕೆಳಗೇರಿಯಲ್ಲಿ ಹೋಗುತ್ತಿದ್ದರೆ ಬಾಗಿಲುಗಳು ತೆರೆದಿರುತ್ತಿದ್ದವು. ಒಳಗಿನಿಂದ ಕಾಲುಗಳು ಕಾಣುತ್ತಿದ್ದವು. ಅವನು ನಿಂತು, ಹೆಚ್ಚಿದೆಯೇ ಎಂದು ಕೇಳಿದರೆ, ಹೆಚ್ಚಿದೆ ಎಂಬ ಉತ್ತರ ಬರುತ್ತಿತ್ತು. ಸಾಯುವ ಹೊತ್ತಿನಲ್ಲೂ ಈ ಜನ ಸುಳ್ಳು ಹೇಳುವುದಿಲ್ಲ, ಆದರೆ ಇದ್ದದ್ದನ್ನು ಬಿಟ್ಟುಕೊಡುವುದೂ ಇಲ್ಲ ಎಂದು ರಾಜಧಾನಿಗೆ ಬರೆದ.

ಹೊನ್ನಜ್ಜಿ ಏಳಲಿಲ್ಲ. ಕೊನೆಯ ಸಂಜೆ ಅವನೇ ಒಲೆ ಹಚ್ಚಲು ಹೋಗಿ ಹೊಗೆ ಮಾಡಿಕೊಂಡ. ಅವಳು ಮಲಗಿದಲ್ಲಿಂದಲೇ ಎಷ್ಟು ನೀರು, ಎಷ್ಟು ಅಕ್ಕಿ ಎಂದು ಹೇಳಿಕೊಟ್ಟಳು. ಅನ್ನ ಬೆಂದಿತು. ಅವನು ತಟ್ಟೆ ಹಿಡಿದು ಅವಳ ಪಕ್ಕದಲ್ಲಿ ಕೂತು ಉಂಡ. ಅವಳಿಗೆ ಒಂದು ತುತ್ತು ಕೊಡಲು ಕೈ ಎತ್ತಿದ. ಗೋಡೆ ನೆನಪಾಯಿತು. ಕೈ ಇಳಿಸಿದ. ಅವಳ ಮೇಲಿನ ಪ್ರೀತಿಯಿಂದಲೇ ಇಳಿಸಿದ. ಅವಳು ಅವನ ತಟ್ಟೆಯನ್ನೇ ನೋಡುತ್ತಿದ್ದಳು.

“ಸಾಕಾ ಮಗಾ?” ಎಂದಳು.

ಬೆಳಗ್ಗೆ ಅವಳ ದಾರವನ್ನು ಮೊಳೆಯಿಂದ ತೆಗೆದ. ಅಕ್ಕಿಯ ಮಣಿ ಕೆಂಪು, ಕಾಲಿನ ಮಣಿ ಕೆಂಪು. ಇದ್ದಿಲು ತೆಗೆದುಕೊಂಡು ಗೆರೆಯನ್ನು ಇನ್ನೊಮ್ಮೆ ಎಳೆದ. ಅವನ ಕಣ್ಣಲ್ಲಿ ನೀರಿತ್ತು. ಗೆರೆ ನೆಟ್ಟಗೆ ಬಂತು.

ಆಮೇಲೆ ಕೆಳಗೇರಿಯಲ್ಲಿ ಕಾಲು ಬಾತವರ ಸಂಖ್ಯೆ ಇಳಿಯುತ್ತ ಬಂತು. ಉಳಿದವರು ಊರು ಬಿಟ್ಟರು. ಕಾಯಿಲೆ ನಿಂತಿತು ಎಂದು ವರದಿ ಹೋಯಿತು. ಅರಸು ಅಧಿಕಾರಿಯನ್ನು ಕರೆಸಿ ಶಾಲು ಹೊದಿಸಿದ. ಪ್ರತಿ ಚಾವಡಿಯಲ್ಲೂ ಒಂದು ಗೋಡೆಗೆ ಸುಣ್ಣ ಬಳಿಯಬೇಕೆಂದು ಆಜ್ಞೆಯಾಯಿತು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಬುದ್ಧಿವಂತ. ಕಾಯಿಲೆ ಯಾವುದೆಂದು ಅವನಿಗೆ ಅರ್ಧ ಹೊಳೆದಿತ್ತು, ತಪ್ಪು ಎಲ್ಲಾಯಿತೆಂದು ಹೊಳೆದಿರಲಿಲ್ಲ.

“ಆ ಗೆರೆ ತಪ್ಪಾಗಿತ್ತೇ?”

“ಇಲ್ಲ. ಅಕ್ಕಿಗೂ ಕಾಲಿಗೂ ಸಂಬಂಧವಿತ್ತು.”

“ನಡುವೆ ಇಡಬೇಕಾದ ಚುಕ್ಕಿ ಒಂದು ಬಿಟ್ಟುಹೋಗಿತ್ತೇ?”

“ಬಿಟ್ಟುಹೋಗಿರಲಿಲ್ಲ.”

“ಎಣಿಕೆಯವರು ಮಣಿ ಅದಲುಬದಲು ಮಾಡಿದರೇ?”

“ಕೇಳಿದ್ದನ್ನೇ ಪೋಣಿಸಿದರು.”

“ಹಾಗಾದರೆ ಆ ಹೆಂಗಸರು ಸುಳ್ಳು ಹೇಳಿದರು.”

“ಒಬ್ಬಳೂ ಹೇಳಲಿಲ್ಲ.”

ಶಿಷ್ಯ ಗಂಟಿನ ಮೇಲೆ ಕೈಯಿಟ್ಟುಕೊಂಡು ಕೂತ. “ಮತ್ತೆ ತಪ್ಪು ಎಲ್ಲಿದೆ ಗುರುಗಳೇ?”

ಗುರುಗಳು ಹೇಳಿದರು:

“ಆ ಊರಿನಲ್ಲಿ ಮನೆಯ ಅಕ್ಕಿ ಮುಗಿದರೆ ಹೆಂಗಸರು ಮುಗಿದಿದೆ ಎನ್ನುವುದಿಲ್ಲ, ಹೆಚ್ಚಿದೆ ಎನ್ನುತ್ತಾರೆ.”